ಹೊಸಬರಿಗೆ ಪೋಕರ್: ಹೇಳದೆ ಬಿಟ್ಟ ನಿಯಮಗಳು

ಕಳೆದ ದೀಪಾವಳಿಗೆ ಒಂದು ವಾರ ಮೊದಲು ಪುಣೆಯಲ್ಲಿರುವ ನಮ್ಮ ಕನ್ನಡ ಜೈನ ತರುಣರ ಬಳಗವೊಂದರಿಂದ ಮೊಬೈಲಿಗೆ ಆಮಂತ್ರಣವೊಂದು ಬಂದಿತು. ಅಮಾವಾಸ್ಯೆಯ ರಾತ್ರಿ ಸ್ನೇಹಕೂಟ. "ಹೊಸಬರಿಗೆ ಪೋಕರ್ ಆಟದ ಮೂಲ ನಿಯಮಗಳು, ಹತ್ತೇ ನಿಮಿಷದಲ್ಲಿ. ಹಣ ಇಲ್ಲ, ಚಿಪ್ಸ್ ಮಾತ್ರ." ಅದರ ಕೆಳಗೆ ಇನ್ನೊಂದು ಸಾಲು: ಊಟ ಸೂರ್ಯಾಸ್ತಕ್ಕೆ ಮುನ್ನ, ಕಂದಮೂಲ ವರ್ಜ್ಯ. ಬಳಗದ ಹಿರಿಯರೊಬ್ಬರು ಚಿಪ್ಸ್ ಎಂದರೆ ಬಟಾಟೆಯದೇ ಎಂದು ವಿಚಾರಿಸಿದರು. ಅಲ್ಲ, ಪಣಕ್ಕಿಡುವ ಪ್ಲಾಸ್ಟಿಕ್ ಬಿಲ್ಲೆಗಳು ಎಂದು ತಿಳಿದು ಸಮಾಧಾನಗೊಂಡರು.

ಈ ಸಮಾಧಾನವೇ ಇಂದಿನ ಲೇಖನಕ್ಕೆ ಕಾರಣ. ಭಗವಾನ್ ಮಹಾವೀರರು ನಿರ್ವಾಣ ಹೊಂದಿದ ತಿಥಿಯಂದು ಬೆಳಗ್ಗೆ ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸಿ, ರಾತ್ರಿ ಇಸ್ಪೀಟು ಹಂಚುವ ಸಮಾಜಕ್ಕೆ ಬಟಾಟೆಯ ಬಗ್ಗೆ ಮಾತ್ರ ಸಂಶಯ ಹುಟ್ಟಿತು. ಸಪ್ತವ್ಯಸನಗಳ ಪಟ್ಟಿಯಲ್ಲಿ ಮಾಂಸಕ್ಕಿಂತ ಮೊದಲು, ಮದ್ಯಕ್ಕಿಂತ ಮೊದಲು ದ್ಯೂತವನ್ನು ಇರಿಸಿದ ಪೂರ್ವಾಚಾರ್ಯರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಆಮಂತ್ರಣಕ್ಕೆ ಎರಡು ಬಗೆಯ ಪ್ರತಿಕ್ರಿಯೆಗಳು ಬಂದವು. ಕೆಲವು ಹಿರಿಯರು ಕೈಮುಗಿದ ಚಿತ್ರದೊಂದಿಗೆ ಸಪ್ತವ್ಯಸನ ತ್ಯಾಗದ ಸಂದೇಶವನ್ನು ಹರಿಯಬಿಟ್ಟರು. ತರುಣರು ಒಂದೇ ವಾಕ್ಯದಲ್ಲಿ ಉತ್ತರಿಸಿದರು: "ಇದು ಜೂಜಲ್ಲ, ಕೌಶಲದ ಆಟ." ಎರಡೂ ಕಡೆಯವರು ಅರ್ಧ ಮಾತು ಆಡಿದ್ದಾರೆ. ನನ್ನ ವಾದ ಬೇರೆ. ಪೋಕರಿನ ನಿಯಮಗಳನ್ನು ನಮ್ಮ ಮಕ್ಕಳಿಗೆ ಕಲಿಸಬೇಕು. ಆದರೆ ಪೂರ್ತಿಯಾಗಿ ಕಲಿಸಬೇಕು. ಹತ್ತು ನಿಮಿಷದ ಪಾಠದಲ್ಲಿ ಬಿಟ್ಟುಹೋಗುವ ನಿಯಮಗಳನ್ನು ಅರಿತವನು ಒಂದೋ ಆ ಮೇಜಿನಿಂದ ಏಳುತ್ತಾನೆ, ಇಲ್ಲವೇ ಎದುರಿಗೆ ಕುಳಿತ ಹೊಸಬನನ್ನು ಸುಲಿಯಲೆಂದು ತಿಳಿದೂ ತಿಳಿದೂ ಕೂರುತ್ತಾನೆ. ಮೂರನೆಯ ದಾರಿಯಿಲ್ಲ.

ಹತ್ತು ನಿಮಿಷದ ಪಾಠ

ಮೊದಲು ಎಲ್ಲರೂ ಹೇಳುವ ನಿಯಮಗಳನ್ನು ನಾನೂ ಹೇಳುತ್ತೇನೆ. ಅರಿಯದೆ ಖಂಡಿಸುವುದು ಸುಧಾರಕನಿಗೆ ಒಪ್ಪುವುದಲ್ಲ.

ಪೋಕರಿನಲ್ಲಿ ಹಲವು ಬಗೆಗಳಿವೆ. ಇಂದು ಹೆಚ್ಚು ಪ್ರಚಾರದಲ್ಲಿರುವುದು ಟೆಕ್ಸಾಸ್ ಹೋಲ್ಡೆಮ್. ಜೋಕರ್ ಇಲ್ಲದ 52 ಎಲೆಗಳ ಕಟ್ಟು. ಪ್ರತಿಯೊಬ್ಬ ಆಟಗಾರನಿಗೆ ಎರಡು ಎಲೆಗಳನ್ನು ಮುಚ್ಚಿ ಹಂಚಲಾಗುತ್ತದೆ. ಹಂಚುವವನ ಎಡಕ್ಕಿರುವ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಸಣ್ಣ ಪಣ ಮತ್ತು ದೊಡ್ಡ ಪಣ ಇಡಬೇಕು. ಇವನ್ನು ಬ್ಲೈಂಡ್ ಎನ್ನುತ್ತಾರೆ. ಅನಂತರ ಒಬ್ಬೊಬ್ಬರ ಸರದಿ ಬರುತ್ತದೆ. ಎಲೆ ಕೆಳಗಿಟ್ಟು ಹಿಂದೆ ಸರಿಯುವುದು ಫೋಲ್ಡ್, ಹಿಂದಿನವನು ಇಟ್ಟಷ್ಟೇ ಇಡುವುದು ಕಾಲ್, ಹೆಚ್ಚಿಸುವುದು ರೇಸ್. ಯಾರೂ ಪಣ ಹೂಡದಿದ್ದಾಗ ಏನನ್ನೂ ಇಡದೆ ಸರದಿ ದಾಟಿಸುವುದು ಚೆಕ್. ಮೊದಲ ಸುತ್ತಿನ ಬಳಿಕ ಮೇಜಿನ ನಡುವೆ ಮೂರು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆಯುತ್ತಾರೆ, ಅದು ಫ್ಲಾಪ್. ಮತ್ತೆ ಪಣದ ಸುತ್ತು. ನಾಲ್ಕನೆಯ ಎಲೆ ಟರ್ನ್, ಮತ್ತೆ ಸುತ್ತು. ಐದನೆಯ ಎಲೆ ರಿವರ್, ಕೊನೆಯ ಸುತ್ತು. ಕಡೆಗೆ ಉಳಿದವರು ತಮ್ಮ ಎರಡು ಎಲೆ, ನಡುವಿನ ಐದು ಎಲೆ ಸೇರಿದ ಏಳರಲ್ಲಿ ಅತ್ಯುತ್ತಮ ಐದನ್ನು ಆರಿಸಿ ತೋರಿಸುತ್ತಾರೆ. ಮೇಲಾದವನಿಗೆ ಮೇಜಿನ ಮೇಲಿನ ರಾಶಿಯೆಲ್ಲ ಸಲ್ಲುತ್ತದೆ. ಉಳಿದವರೆಲ್ಲ ನಡುವೆಯೇ ಹಿಂದೆ ಸರಿದರೆ, ಕೈಯಲ್ಲಿ ಏನಿದ್ದರೂ ತೋರಿಸಬೇಕಾಗಿಲ್ಲ, ರಾಶಿ ಉಳಿದೊಬ್ಬನದು. ಇಲ್ಲದ್ದನ್ನು ಇದೆಯೆಂದು ನಂಬಿಸಿ ಎದುರಾಳಿಯನ್ನು ಓಡಿಸುವ ಬ್ಲಫ್ ಈ ನಿಯಮದಿಂದಲೇ ಹುಟ್ಟುತ್ತದೆ.

ಎಲೆಗಳ ತಾರತಮ್ಯ ಕೆಳಗಿನಿಂದ ಮೇಲಕ್ಕೆ ಹೀಗಿದೆ: ಏನೂ ಕೂಡದ ಹೈ ಕಾರ್ಡ್, ಒಂದು ಜೋಡಿ, ಎರಡು ಜೋಡಿ, ಒಂದೇ ಬಗೆಯ ಮೂರು, ಅನುಕ್ರಮವಾದ ಐದು ಎಲೆಗಳ ಸ್ಟ್ರೈಟ್, ಐದೂ ಒಂದೇ ರಂಗಿನ ಫ್ಲಷ್, ಮೂರು ಮತ್ತು ಎರಡು ಕೂಡಿದ ಫುಲ್ ಹೌಸ್, ಒಂದೇ ಬಗೆಯ ನಾಲ್ಕು, ಒಂದೇ ರಂಗಿನ ಅನುಕ್ರಮವಾದ ಸ್ಟ್ರೈಟ್ ಫ್ಲಷ್. ಅದರಲ್ಲಿಯೂ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ರಾಯಲ್ ಫ್ಲಷ್.

ಇಲ್ಲಿಗೆ ಹತ್ತು ನಿಮಿಷದ ಪಾಠ ಮುಗಿಯುತ್ತದೆ. ಕಲಿಸಿದವನು "ಇನ್ನು ಆಡಿ ನೋಡಿ, ಆಡುತ್ತಲೇ ಬರುತ್ತದೆ" ಎನ್ನುತ್ತಾನೆ. ನಿಜವಾದ ಪಾಠ ಇಲ್ಲಿಂದ ಆರಂಭವಾಗಬೇಕಿತ್ತು.

ಬಿಟ್ಟುಹೋದ ಮೊದಲ ನಿಯಮ: ಎಣಿಕೆ

52 ಎಲೆಗಳಿಂದ ಐದನ್ನು ಆರಿಸುವ ಬಗೆಗಳು 25,98,960. ಅವುಗಳಲ್ಲಿ ರಾಯಲ್ ಫ್ಲಷ್ ಕೇವಲ 4. ಅವೂ ಸೇರಿ ಸ್ಟ್ರೈಟ್ ಫ್ಲಷ್ 40. ಒಂದೇ ಬಗೆಯ ನಾಲ್ಕು 624, ಫುಲ್ ಹೌಸ್ 3,744, ಫ್ಲಷ್ 5,108, ಸ್ಟ್ರೈಟ್ 10,200. ಏನೂ ಕೂಡದವು 13,02,540, ಒಂದೇ ಜೋಡಿಯವು 10,98,240. ಅಂದರೆ ಐದು ಎಲೆಗಳ ಕೈಗಳಲ್ಲಿ ನೂರಕ್ಕೆ 92ಕ್ಕೂ ಹೆಚ್ಚು ಕೈಗಳು ಒಂದು ಜೋಡಿ ಅಥವಾ ಅದಕ್ಕಿಂತ ಕಡಿಮೆ. ತಾರತಮ್ಯದ ಪಟ್ಟಿ ವಾಸ್ತವವಾಗಿ ಈ ಎಣಿಕೆಯ ಪಟ್ಟಿಯೇ, ವಿರಳವಾದುದು ಮೇಲು. ಹೋಲ್ಡೆಮಿನಲ್ಲಿ ಕೈಗೆ ಬರುವ ಎರಡು ಎಲೆಗಳ ಜೋಡಣೆಗಳು 1,326. ಎರಡೂ ಎಕ್ಕಗಳಾಗಿ ಬರುವುದು ಸರಾಸರಿ 221 ಸಲಕ್ಕೆ ಒಮ್ಮೆ.

ಇದನ್ನು ಬಲ್ಲವನು ಬಹುಪಾಲು ಕೈಗಳನ್ನು ಆರಂಭದಲ್ಲಿಯೇ ಬಿಟ್ಟುಬಿಡುತ್ತಾನೆ. ಹೊಸಬ ಬಿಡುವುದಿಲ್ಲ. ಅವನು ಬಂದಿರುವುದು ಆಡಲು, ಸುಮ್ಮನೆ ಕುಳಿತಿರಲು ಅಲ್ಲ.

ಒಂದು ಲೆಕ್ಕ ನೋಡೋಣ. ನಾಲ್ಕು ಎಲೆಗಳು ತೆರೆದಿವೆ. ನಿಮ್ಮ ಬಳಿ ಆಟೀನಿನ ನಾಲ್ಕು ಎಲೆಗಳು ಕೂಡಿವೆ, ಐದನೆಯದೊಂದು ಬಂದರೆ ಫ್ಲಷ್, ಗೆಲುವು ನಿಮ್ಮದು, ಬಾರದಿದ್ದರೆ ಸೋಲು. ರಾಶಿಯಲ್ಲಿ 100 ರೂಪಾಯಿ ಇದೆ. ಎದುರಾಳಿ ತನ್ನ ಬಳಿ ಉಳಿದ 100 ರೂಪಾಯಿಯನ್ನೂ ಪಣಕ್ಕೆ ಒಡ್ಡುತ್ತಾನೆ. ನೀವು 100 ಇಟ್ಟರೆ 200 ಗೆಲ್ಲಬಹುದು. ಹೊಸಬನ ಕಣ್ಣಿಗೆ ಇದು ಲಾಭದ ವ್ಯವಹಾರ. ಎಣಿಸಿ ನೋಡಿ: ನಿಮಗೆ ಕಾಣದ ಎಲೆಗಳು 46, ಅವುಗಳಲ್ಲಿ ಆಟೀನು 9. ಒಂಬತ್ತು ಸಲ 200ರಂತೆ ಬರುವುದು 1,800. ಮೂವತ್ತೇಳು ಸಲ 100ರಂತೆ ಹೋಗುವುದು 3,700. ನಿವ್ವಳ ನಷ್ಟ 1,900. ಇಂತಹ ಒಂದೊಂದು ನಿರ್ಧಾರಕ್ಕೆ ಸರಾಸರಿ 41 ರೂಪಾಯಿ. ಐದರಲ್ಲಿ ಸುಮಾರು ಒಂದು ಸಲ ಆ ಎಲೆ ಬಂದೇ ಬರುತ್ತದೆ, ಮೇಜಿನ ಸುತ್ತ ಕೇಕೆ ಏಳುತ್ತದೆ. ಹೊಸಬನ ನೆನಪಿನಲ್ಲಿ ಉಳಿಯುವುದು ಆ ಒಂದು ಸಲ ಮಾತ್ರ.

ಎರಡನೆಯ ನಿಯಮ: ಮನೆಯವನ ಪಾಲು

ಕ್ಲಬ್ಬು, ಕ್ಯಾಸಿನೋ, ಆ್ಯಪ್ ಯಾವುದೇ ಇರಲಿ, ಆಟ ನಡೆಸುವವನು ಎಲೆ ಮುಟ್ಟದೆ ಗಳಿಸುತ್ತಾನೆ. ಪ್ರತಿ ರಾಶಿಯಿಂದ ಅವನು ಕತ್ತರಿಸಿಕೊಳ್ಳುವ ಪಾಲಿಗೆ ರೇಕ್ ಎಂದು ಹೆಸರು. ಒಂದು ಕಲ್ಪಿತ ಮೇಜನ್ನು ತೆಗೆದುಕೊಳ್ಳಿ. ಒಂಬತ್ತು ಜನ, ತಲಾ 1,000 ರೂಪಾಯಿ, ಒಟ್ಟು 9,000. ಸರಾಸರಿ ರಾಶಿ 200 ರೂಪಾಯಿ, ರೇಕ್ ನೂರಕ್ಕೆ ಐದು. ಅಂದರೆ ಆಟವೊಂದಕ್ಕೆ 10 ರೂಪಾಯಿ. ಗಂಟೆಗೆ 30 ಆಟಗಳಾದರೆ 300 ರೂಪಾಯಿ. ಹತ್ತು ಗಂಟೆಗಳಲ್ಲಿ 3,000. ಮೇಜಿನ ಮೇಲಿದ್ದ ಹಣದ ಮೂರನೆಯ ಒಂದು ಪಾಲು ಯಾರೂ ಗೆಲ್ಲದೆ ಮಾಯವಾಯಿತು. ಮೊಬೈಲಿನಲ್ಲಿ ಎಲೆ ಕಲೆಸುವ, ಹಂಚುವ ಹೊತ್ತು ಉಳಿಯುವುದರಿಂದ ಇಷ್ಟೇ ಹಣ ಇನ್ನೂ ಬೇಗ ಕರಗುತ್ತದೆ.

ಆದ್ದರಿಂದ ಒಂಬತ್ತು ಜನರೂ ಸಮಾನ ಕುಶಲರಾಗಿದ್ದರೂ ಒಂಬತ್ತು ಜನರೂ ಕಾಲಕ್ರಮದಲ್ಲಿ ಸೋಲುತ್ತಾರೆ. ಒಬ್ಬಿಬ್ಬರು ಗೆಲ್ಲಬೇಕಾದರೆ ಉಳಿದವರು ಅವರ ಗೆಲುವಿಗೂ ಮನೆಯವನ ಪಾಲಿಗೂ ಸೇರಿಸಿ ಸೋಲಬೇಕು. ಅಷ್ಟು ಸೋಲಬಲ್ಲವರು ಯಾರು? ಎಣಿಕೆ ಬಾರದವರು. ಇದೇ ಕಾರಣಕ್ಕೆ ಪ್ರತಿಯೊಂದು ಪೋಕರ್ ಮೇಜಿಗೂ ಸದಾ ಹೊಸಬರು ಬೇಕು. ಹೊಸಬರಿಗೆ ಉಚಿತ ಪಾಠ, ಉಚಿತ ಚಿಪ್ಸ್, ಮೊದಲ ಠೇವಣಿಗೆ ಬೋನಸ್ ಕೊಡುವುದು ವಿದ್ಯಾದಾನದ ಪುಣ್ಯಕ್ಕಲ್ಲ.

ಅಮೆರಿಕದ ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ 2003ರಲ್ಲಿ ಅಂತರ್ಜಾಲದ ಸಣ್ಣ ಪಂದ್ಯವೊಂದರ ಮೂಲಕ ಲಾಸ್ ವೇಗಸ್‌ನ ವಿಶ್ವ ಪೋಕರ್ ಸರಣಿಗೆ ಪ್ರವೇಶ ಪಡೆದು 25 ಲಕ್ಷ ಡಾಲರ್ ಗೆದ್ದ ಕಥೆಯನ್ನು ಹೊಸಬರಿಗೆಲ್ಲ ಹೇಳುತ್ತಾರೆ. ಕಥೆ ಸತ್ಯ. ಆ ಪಂದ್ಯದಲ್ಲಿ 839 ಮಂದಿ ಇದ್ದರು, ಪ್ರವೇಶದ ಬೆಲೆ 10,000 ಡಾಲರ್, ಬಹುಪಾಲು ಜನ ಬರಿಗೈಯಲ್ಲಿ ಹಿಂದಿರುಗಿದರು ಎಂಬುದೂ ಅಷ್ಟೇ ಸತ್ಯ. ಅದನ್ನು ಯಾರೂ ಹೇಳುವುದಿಲ್ಲ. ಮೂರು ವರ್ಷಗಳ ಬಳಿಕ, 2006ರಲ್ಲಿ, ಅದೇ ಪಂದ್ಯಕ್ಕೆ 8,773 ಮಂದಿ ಬಂದರು. ಒಬ್ಬನ ಗೆಲುವಿನ ಕಥೆ ಎಷ್ಟು ಜನರನ್ನು ಸೆಳೆಯಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

"ಕೌಶಲದ ಆಟ" ಎಂಬ ಗುರಾಣಿ

ಈಗ ತರುಣರ ಉತ್ತರಕ್ಕೆ ಬರೋಣ. ಪೋಕರಿನಲ್ಲಿ ಕೌಶಲವಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಮೇಲಿನ ಲೆಕ್ಕಗಳೇ ಅದನ್ನು ಸಿದ್ಧಪಡಿಸುತ್ತವೆ. ಆದರೆ ಈ ವಾದ ಯಾರನ್ನು ರಕ್ಷಿಸುತ್ತದೆ? ಅಂದರ್‌-ಬಾಹರ್‌ನಂತಹ ಶುದ್ಧ ಅದೃಷ್ಟದ ಆಟದಲ್ಲಿ ಹೊಸಬನಿಗೂ ಹಳಬನಿಗೂ ಒಂದೇ ಅವಕಾಶ. ಕೌಶಲ ಹೆಚ್ಚಿದಷ್ಟೂ ಹೊಸಬನ ಸೋಲು ಖಚಿತವಾಗುತ್ತ ಹೋಗುತ್ತದೆ. ಕುಸ್ತಿಯೂ ಕೌಶಲದ ಆಟವೇ; ಹಾಗೆಂದು ಅಖಾಡಕ್ಕೆ ಮೊದಲ ದಿನ ಬಂದ ಹುಡುಗನನ್ನು ಪಳಗಿದ ಪೈಲ್ವಾನನ ಎದುರು ಹಣ ಕಟ್ಟಿಸಿ ನಿಲ್ಲಿಸುವವನನ್ನು ನಾವು ಉಸ್ತಾದ ಎನ್ನುವುದಿಲ್ಲ. ಪೋಕರ್ ಕೌಶಲದ ಆಟ ಎಂದು ಹೊಸಬನಿಗೆ ಹೇಳುವವನು ವಾಸ್ತವದಲ್ಲಿ "ನೀನು ಸೋಲುವುದು ನಿಶ್ಚಿತ" ಎಂದು ಹೇಳುತ್ತಿದ್ದಾನೆ. ಹೊಸಬ ಅದನ್ನು ಪ್ರಶಂಸೆಯೆಂದು ತಿಳಿಯುತ್ತಾನೆ.

ನ್ಯಾಯಾಲಯಗಳು ಏನು ಹೇಳಿವೆ ಎಂಬುದನ್ನೂ ಪೂರ್ತಿ ಓದಬೇಕು. 1867ರ ಸಾರ್ವಜನಿಕ ಜೂಜು ಕಾಯಿದೆ ಕೇವಲ ಕೌಶಲದ ಆಟಗಳನ್ನು ಹೊರಗಿಟ್ಟಿತು. 1967ರಲ್ಲಿ ಆಂಧ್ರಪ್ರದೇಶದ ಸತ್ಯನಾರಾಯಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. ಅದೇ ತೀರ್ಪಿನಲ್ಲಿ, ಪಣವಿಟ್ಟು ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಒಡೆಯ ಲಾಭ ಪಡೆಯುತ್ತಿದ್ದರೆ ಅಪರಾಧ ಸಾಬೀತಾಗಬಹುದು ಎಂಬ ಎಚ್ಚರಿಕೆಯೂ ಇದೆ. ಉಲ್ಲೇಖಿಸುವವರು ಮೊದಲ ಭಾಗವನ್ನು ಹೇಳಿ ಎರಡನೆಯದನ್ನು ನುಂಗುತ್ತಾರೆ. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಡವೆಂದಿತು. 2017ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯ ಪೋಕರ್ ಜೂಜೇ ಎಂದಿತು. ಒಂದೇ ಆಟ, ಎರಡು ರಾಜ್ಯ, ಎರಡು ತೀರ್ಪು. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಕಾಯಿದೆಯ ವ್ಯಾಪ್ತಿ ಎಷ್ಟು, ವ್ಯಾಪಾರದ ಸ್ವಾತಂತ್ರ್ಯ ಎಷ್ಟು ಎಂಬುದು. ಶ್ರಾವಕನ ಮುಂದಿರುವ ಪ್ರಶ್ನೆ ಅದಲ್ಲ. ಕಾನೂನು ಶಿಕ್ಷಿಸದ ಎಲ್ಲವೂ ಆಚರಣೆಗೆ ಯೋಗ್ಯವಾಗುವುದಿದ್ದರೆ ನಮಗೆ ಅಣುವ್ರತಗಳೇಕೆ ಬೇಕಿದ್ದವು?

ಸರ್ಕಾರಗಳ ನಡವಳಿಕೆಯೂ ಮಾದರಿಯಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಕೇಂದ್ರ ಸರ್ಕಾರ 2023ರ ಅಕ್ಟೋಬರ್ 1ರಿಂದ ಇದೇ ಆಟಗಳ ಠೇವಣಿಯ ಪೂರ್ಣ ಮೌಲ್ಯದ ಮೇಲೆ ನೂರಕ್ಕೆ 28ರಂತೆ ಜಿಎಸ್‌ಟಿ ವಿಧಿಸಿತು. ಎರಡು ವರ್ಷ ತುಂಬುವ ಮೊದಲೇ, 2025ರ ಆಗಸ್ಟಿನಲ್ಲಿ, ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿ, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷಿದ್ಧವೆಂದಿತು. ಕೌಶಲದ ಪ್ರಶ್ನೆಯನ್ನು ಬದಿಗಿಟ್ಟಿದ್ದು ಸರಿಯಾದ ನಡೆ, ನಾನು ಸ್ವಾಗತಿಸುತ್ತೇನೆ. ಆದರೆ ನಿನ್ನೆಯವರೆಗೆ ತೆರಿಗೆಯ ಮೂಲವಾಗಿದ್ದುದು ಇಂದು ಪಿಡುಗಾದರೆ, ನಿನ್ನೆ ಸೋತವರ ಹಣದಲ್ಲಿ ಬೊಕ್ಕಸಕ್ಕೆ ಸಂದ ಪಾಲಿನ ಬಗ್ಗೆ ಒಂದು ಮಾತಾದರೂ ಬೇಡವೇ? ಪಣಜಿಯ ಮಾಂಡವಿ ನದಿಯಲ್ಲಿ ತೇಲುವ ಕ್ಯಾಸಿನೋಗಳು ಈ ಕಾಯಿದೆಯ ಹೊರಗಿವೆ. ಕರ್ನಾಟಕ 2007ರಲ್ಲಿಯೇ ಲಾಟರಿಯನ್ನು ನಿಲ್ಲಿಸಿತು. ನಾವು ವಾಸಿಸುವ ಮಹಾರಾಷ್ಟ್ರ 1969ರಿಂದ ಸ್ವತಃ ಲಾಟರಿ ನಡೆಸುತ್ತಿದೆ.

ಆ್ಯಪ್ ಮುಚ್ಚಿದ ಬಳಿಕ ಕೆಲವರು ವಿದೇಶದ ಜಾಲತಾಣಗಳತ್ತ ತಿರುಗಿದ್ದಾರೆ. ಅವರಿಗೆ ನೆನಪಿಸಬೇಕಾದ ಒಂದು ಪದ ತತ್ತ್ವಾರ್ಥಸೂತ್ರದಲ್ಲಿದೆ: ವಿರುದ್ಧರಾಜ್ಯಾತಿಕ್ರಮ. ರಾಜ್ಯದ ಕಟ್ಟಳೆಯನ್ನು ಮೀರಿ ಗಳಿಸುವುದು ಅಚೌರ್ಯವ್ರತದ ಅತಿಚಾರವೆಂದು ಅಲ್ಲಿ ಎಣಿಸಲಾಗಿದೆ. ಇನ್ನು ಕೆಲವರು ಮನೆಯ ಮೇಜಿಗೆ ಬಂದಿದ್ದಾರೆ. ನಮ್ಮ ಆಮಂತ್ರಣ ಆ ಎರಡನೆಯ ಬಗೆಯದು.

"ಹಣವಿಲ್ಲದೆ ಆಡಿದರೆ ದೋಷವೇನು?"

ಗೆಳೆಯರ ಮನೆಯಲ್ಲಿ ರೇಕ್ ಇಲ್ಲ, ಹಣವೂ ಇಲ್ಲ. ಅಲ್ಲಿ ದೋಷವೆಲ್ಲಿ ಎಂದು ಕೇಳುವವರಿಗೆ ಪ್ರಾಮಾಣಿಕ ಉತ್ತರ ಸಲ್ಲಬೇಕು. ಇಸ್ಪೀಟಿನ ಎಲೆ ಕಾಗದ, ಕಾಗದದಲ್ಲಿ ಪಾಪವಿಲ್ಲ. ಎಲೆಗಳಿಂದ ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ನಾನು ಮೊದಲು ಬಂದು ಕೂರುತ್ತೇನೆ. ಆದರೆ ಪೋಕರಿನ ಸ್ವಭಾವ ಬೇರೆ. ಅದರ ತಿರುಳು ಎಲೆಯಲ್ಲಿಲ್ಲ, ಪಣದಲ್ಲಿದೆ. ಕಳೆದುಕೊಳ್ಳಲು ಏನೂ ಇಲ್ಲದಿದ್ದರೆ ಯಾರೂ ಹಿಂದೆ ಸರಿಯುವುದಿಲ್ಲ. ಯಾರೂ ಸರಿಯದಿದ್ದರೆ ಬ್ಲಫಿಗೆ ಅರ್ಥವಿಲ್ಲ. ಅದಿಲ್ಲದಿದ್ದರೆ ಆಟ ಅರ್ಧ ಗಂಟೆಯಲ್ಲಿ ಬೇಸರ ತರಿಸುತ್ತದೆ. ಆಗ ಯಾರಾದರೂ ಹೇಳುತ್ತಾರೆ: "ಸುಮ್ಮನೆ ಹತ್ತು ಹತ್ತು ರೂಪಾಯಿ ಇಡೋಣ, ಮಜಾ ಬರುತ್ತದೆ." ಬರಿ ಚಿಪ್ಸ್‌ನ ಪೋಕರ್ ಹಣದ ಪೋಕರಿನ ತಾಲೀಮು. ಅರ್ಧ ನಿಯಮ ಕಲಿಸಿ ಹುಡುಗನನ್ನು ಹೊರಗೆ ಕಳುಹಿಸುವುದು ಆಯುಧವನ್ನು ಅಜ್ಞಾನಿಯ ಕೈಗಿಟ್ಟಂತೆ. ಆಯುಧ ಕೊಡುವುದನ್ನು ನಮ್ಮ ಶಾಸ್ತ್ರ ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದೆ.

ಸ್ವಂತ ಮನೆಯ ಮಾತು ಹೇಳಲು ಸಂಕೋಚವಿದೆ, ಆದರೂ ಹೇಳುತ್ತೇನೆ. ನನ್ನ ತಂಗಿಯ ಮಗ ಎಂಟನೆಯ ವಯಸ್ಸಿನಲ್ಲಿ ಬೆಳಗಾವಿ ಸೀಮೆಯ ನಮ್ಮೂರ ಬಸದಿಯಲ್ಲಿ ಮುನಿಮಹಾರಾಜರ ಮುಂದೆ ಸಪ್ತವ್ಯಸನ ತ್ಯಾಗದ ನಿಯಮ ತೆಗೆದುಕೊಂಡವನು. ಏಳೂ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಅಜ್ಜಿ ಬೆಲ್ಲ ಕೊಟ್ಟಿದ್ದರು. ಮುಂದೆ ಬೇರೆ ಊರಿನ ಕಾಲೇಜಿನ ಹಾಸ್ಟೆಲಿನಲ್ಲಿ ಪೋಕರ್ ಕಲಿತ, ಚಿಪ್ಸ್‌ನಿಂದಲೇ. ಮೊದಲ ವರ್ಷ ಗೆದ್ದ. ಎರಡನೆಯ ವರ್ಷ ಮೊಬೈಲಿನಲ್ಲಿ ಅವನಿಗಿಂತ ಬಲ್ಲವರ ಎದುರು ಸೋತ. ಸಾಲದ ಆ್ಯಪಿನಿಂದ ಹಣ ಎತ್ತಿದ. ಸಾಲಿಗರು ಅವನ ತಾಯಿಗೆ ಫೋನ್ ಮಾಡಿದಾಗ ವಿಷಯ ನಮಗೆ ತಿಳಿಯಿತು.

ಸಾಲ ತೀರಿಸಿದ ದಿನ ನಾನು ಸಿಟ್ಟಿನಿಂದಲೇ ಕೇಳಿದೆ, ನಿಯಮ ತೆಗೆದುಕೊಂಡದ್ದು ಮರೆತೆಯಾ ಎಂದು. ಅವನು ತಲೆ ತಗ್ಗಿಸಿ ಹೇಳಿದ: "ಮರ್ತಿರಲಿಲ್ಲ ಮಾಮಾ. ದ್ಯೂತ ಅಂದ್ರ ಪಗಡಿ ಅಂತ ತಿಳ್ಕೊಂಡಿದ್ದೆ." ಎಂಟು ವರ್ಷದ ಹುಡುಗನಿಗೆ ಆ ಪದದ ಅರ್ಥವನ್ನು ನಮ್ಮಲ್ಲಿ ಒಬ್ಬರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅವನೇ ಮುಂದುವರಿಸಿದ: "ಸೋತಿದ್ದು ಬಿಡ್ರಿ. ಫಸ್ಟ್ ಇಯರ್‌ದಾಗ ನನ್ನ ರೂಮಿನವನ ಮೆಸ್ಸಿನ ರೊಕ್ಕ ಗೆದ್ದಿದ್ದೆ. ಆ ತಿಂಗಳು ಅವ ರಾತ್ರಿ ಊಟಕ್ಕ ಬರ್ಲಿಲ್ಲ. ಹಸಿವಿಲ್ಲ ಅಂತಿದ್ದ. ನನಗ ಗೊತ್ತಿತ್ತು."

ಆ ಮಾತಿನಿಂದ ನನಗೆ ಬಂದ ನಾಚಿಕೆ ಅವನ ಸಾಲದಿಂದ ಬಂದಿರಲಿಲ್ಲ. ನಾವು ಪ್ರವಚನಗಳಲ್ಲಿ ಸದಾ ಸೋತವನ ಕಥೆಯನ್ನೇ ಹೇಳಿ ಹೆದರಿಸುತ್ತೇವೆ: ಜೂಜಿಗೆ ಧರ್ಮರಾಯನ ದೃಷ್ಟಾಂತ, ರಾಜ್ಯ ಹೋಯಿತು, ಮಡದಿ ಪಣವಾದಳು. ಕೇಳಿದ ಹುಡುಗ ತನ್ನೊಳಗೆ ಅಂದುಕೊಳ್ಳುತ್ತಾನೆ, ನಾನು ಅವನಿಗಿಂತ ಚೆನ್ನಾಗಿ ಆಡುತ್ತೇನೆ ಎಂದು. ಗೆದ್ದವನು ಏನು ಮಾಡಿದ ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ವ್ಯಾಪಾರದಲ್ಲಿ ನಾನು ಬಟ್ಟೆ ಮಾರಿದರೆ ನನಗೆ ಹಣ, ಕೊಂಡವನಿಗೆ ಬಟ್ಟೆ. ಪೋಕರಿನಲ್ಲಿ ಏನೂ ಹುಟ್ಟುವುದಿಲ್ಲ. ಒಬ್ಬನ ಗಳಿಕೆಯ ಪ್ರತಿಯೊಂದು ರೂಪಾಯಿ ಇನ್ನೊಬ್ಬನ ತಪ್ಪಿನಿಂದಲೇ ಬರಬೇಕು. ಅವನು ತಪ್ಪಲಿ ಎಂದು ಹಾರೈಸುತ್ತ ಗಂಟೆಗಟ್ಟಲೆ ಅವನ ಮುಖವನ್ನೇ ನೋಡುತ್ತ ಕೂರುವುದನ್ನು ಅಹಿಂಸೆಯ ಯಾವ ವ್ಯಾಖ್ಯಾನದೊಳಗೆ ಸೇರಿಸೋಣ?

ಹಿರಿಯರ ಮೇಜು

ಇಷ್ಟು ಓದಿ ತಲೆದೂಗುತ್ತಿರುವ ಹಿರಿಯರಿಗೆ ಒಂದು ಮಾತು. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅಲ್ಲಿಯೂ ಬಲ್ಲವರು ಕೆಲವರು, ಹೊಸಬರು ಹಲವರು, ಪ್ರತಿ ವ್ಯವಹಾರಕ್ಕೂ ದಲ್ಲಾಳಿಯ ಪಾಲು. ಷೇರು ಕೊಂಡು ಕಂಪನಿಯ ಪಾಲುದಾರರಾಗುವುದನ್ನು ನಾನು ಇದರಲ್ಲಿ ಸೇರಿಸುತ್ತಿಲ್ಲ. ಗುರುವಾರದ ಅವಧಿಗೆ ಮುನ್ನ ಸೂಚ್ಯಂಕ ಏರುವುದೋ ಇಳಿಯುವುದೋ ಎಂದು ಪಣ ಕಟ್ಟುವುದನ್ನು ಹೇಳುತ್ತಿದ್ದೇನೆ. ಬಸದಿಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಆಪ್ಷನ್ ಮಾರುತ್ತ ಮಗನಿಗೆ ಇಸ್ಪೀಟು ಮುಟ್ಟಬೇಡವೆನ್ನುವ ತಂದೆಯ ಉಪದೇಶ ಯಾವ ಬೆಲೆಗೆ ಸಲ್ಲುತ್ತದೆಂದು ಮಗನಿಗೆ ಗೊತ್ತಿರುತ್ತದೆ.

ಮಹಾಭಾರತದ ನಳೋಪಾಖ್ಯಾನದಲ್ಲಿ ಒಂದು ಪ್ರಸಂಗವಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿದ್ದಾನೆ. ದಾರಿಯಲ್ಲಿ ಋತುಪರ್ಣ ತಾರೆಯ ಮರವೊಂದರ ಎಲೆ ಕಾಯಿಗಳ ಸಂಖ್ಯೆಯನ್ನು ಕಣ್ಣಳತೆಯಲ್ಲಿಯೇ ಹೇಳುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಲೆಕ್ಕ ಸರಿ. ಎಣಿಕೆಯ ಆ ವಿದ್ಯೆಗೆ ಅಕ್ಷಹೃದಯವೆಂದು ಹೆಸರು. ಅದನ್ನು ಕಲಿತ ಕ್ಷಣದಲ್ಲಿಯೇ ಕಲಿ ಅವನ ದೇಹವನ್ನು ಬಿಟ್ಟು ಹೊರಬರುತ್ತಾನೆ. ಮುಂದೆ ನಳ ಪುಷ್ಕರನನ್ನು ಗೆಲ್ಲುತ್ತಾನೆ, ಗೆದ್ದ ಮೇಲೆ ಅವನ ಪಾಲನ್ನು ಅವನಿಗೇ ಹಿಂದಿರುಗಿಸಿ ಕಳುಹಿಸುತ್ತಾನೆ. ಕಥೆ ಕಟ್ಟಿದವರಿಗೆ ಜೂಜಿನ ಭೂತವನ್ನು ಬಿಡಿಸುವುದು ಗಣಿತವೆಂದು ತಿಳಿದಿತ್ತು, ಗೆಲುವಿನ ಋಣವೂ ತಿಳಿದಿತ್ತು.

ಆದ್ದರಿಂದ ಸಮಾಜದ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇನೆ. ಒಂದು: ಪಾಠಶಾಲೆಗಳಲ್ಲಿ ಸಪ್ತವ್ಯಸನ ತ್ಯಾಗದ ನಿಯಮ ಕೊಡಿಸುವ ಮೊದಲು ಏಳೂ ಪದಗಳ ಇಂದಿನ ಅರ್ಥವನ್ನು ಮಕ್ಕಳ ಭಾಷೆಯಲ್ಲಿ ಹೇಳಬೇಕು, ಹೈಸ್ಕೂಲಿನ ಮಕ್ಕಳಿಗೆ ಒಂದು ಕಟ್ಟು ಎಲೆ, ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು 46 ಎಲೆಗಳ ಆ ಲೆಕ್ಕವನ್ನೂ ರೇಕಿನ ಲೆಕ್ಕವನ್ನೂ ಸ್ವತಃ ಮಾಡಿಸಬೇಕು. ಎರಡು: ನಿರ್ವಾಣದ ತಿಥಿಯಂದು ಸಮಾಜದ ಯಾವ ಭವನದಲ್ಲಿಯೂ, ಹಣವಿರಲಿ ಇಲ್ಲದಿರಲಿ, ಪಣದ ಮೇಜು ಹಾಕಬಾರದು. ಮೂರು: ಜೂಜಿನ ಸಾಲಕ್ಕೆ ಸಿಕ್ಕ ತರುಣರು ಹೆಸರು ಬಯಲಾಗದಂತೆ ಬಂದು ಹೇಳಿಕೊಳ್ಳಬಹುದಾದ ಇಬ್ಬರು ಹಿರಿಯರನ್ನು ಪ್ರತಿ ಊರಿನ ಬಳಗವೂ ನೇಮಿಸಬೇಕು, ಸಾಲಿಗನ ಫೋನ್ ತಾಯಿಗೆ ಹೋಗುವ ಮೊದಲು ಹುಡುಗ ಅವರ ಬಳಿ ಹೋಗುವಂತಿರಬೇಕು. ನಾಲ್ಕು: ಮತ ಕೇಳಲು ಬರುವವರನ್ನು ಕ್ಯಾಸಿನೋ ಮತ್ತು ಲಾಟರಿಯ ಬಗ್ಗೆ ನೇರವಾಗಿ ಪ್ರಶ್ನಿಸಬೇಕು.

ಆ ದೀಪಾವಳಿಯ ಕೂಟ ನಡೆಯಿತು. ನಾನು ಹೋಗಲಿಲ್ಲ; ಹೋಗಿ ಮಾತಾಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಈ ವರ್ಷ ಆಮಂತ್ರಣ ಬಂದರೆ ಹೋಗುವವನಿದ್ದೇನೆ. ಹತ್ತು ನಿಮಿಷದ ಪಾಠ ಅವರು ಹೇಳಲಿ. ಹನ್ನೊಂದನೆಯ ನಿಮಿಷದಿಂದ ನನಗೆ ಅವಕಾಶ ಕೊಡಲಿ. ತಂಗಿಯ ಮಗನೂ ಜೊತೆಗೆ ಬರುತ್ತೇನೆ ಎಂದಿದ್ದಾನೆ.

ಜೈ ಜಿನೇಂದ್ರ.